ರೇಣವ್ವನ ಮೂರನೆಯ ಪೇಪರು

ಏಪ್ರಿಲ್ ೨೮, ೧೯೭೪, ರವಿವಾರ

ಅಲ್ಲ, ನಾನು ಕೇಳಿದ್ದರಲ್ಲಿ ತಪ್ಪೇನಿತ್ತು ಅಂತ? ನಿನ್ನೆ ಈ ಮಾತು ಬರೆಯುತ್ತಿರುವಾಗಲೇ ಕರೆಂಟು ಹೋಯಿತು, ಅರ್ಧಕ್ಕೇ ನಿಂತಿತು. ಬಿ.ಎಸ್ಸಿ. ಮುಗಿಸಿದ ಹುಡುಗಿಗೆ ಊಟದ ವಿಷಯ ಕಲಿಯಲು ಮತ್ತೆರಡು ವರ್ಷ ಬೆಂಗಳೂರು ಯಾಕೆ ಬೇಕು ಎಂದು ಕೇಳಿದೆ. ನನಗೆ ಊಟ ಯಾರೂ ಕಲಿಸಿಲ್ಲ. ಹುಟ್ಟಿದ ದಿನವೇ ಬಂತು, ಇವತ್ತಿಗೂ ಮರೆತಿಲ್ಲ. ಕಲಿತ ಇಂಗ್ಲಿಷು ಮರೆತುಹೋಗಿದೆ, ಅದು ಬೇರೆ ಮಾತು.

"ಯಪ್ಪಾ, ಅದು ಉಣ್ಣೂದಲ್ಲ. ನ್ಯೂಟ್ರಿಶನ್," ಅಂದಳು ರೇಣವ್ವ.

"ಹಂಗಂದ್ರ?"

"ಉಂಡದ್ದರಾಗ ಏನೈತಿ, ಅದು ಮೈಯಾಗ ಹೋಗಿ ಏನ್ ಮಾಡತೈತಿ, ಅದನ್ನ ಕಲಿಯೂದು."

"ಏನ್ ಮಾಡತೈತಿ? ನಿದ್ದಿ ತರತೈತಿ."

ಅವಳು ನಗಲಿಲ್ಲ. ಅವಳ ಅವ್ವ ಲಕ್ಕವ್ವನೂ ಹೀಗೇ, ನನ್ನ ಒಳ್ಳೆಯ ಜೋಕುಗಳಿಗೆ ನಗುತ್ತಿರಲಿಲ್ಲ.

ವಿಷಯ ಇಷ್ಟು. ಬೆಂಗಳೂರಿನ ಕಾಲೇಜಿನವರು ಇವಳಿಗೆ ಎಂ.ಎಸ್ಸಿ. ಸೀಟು ಕೊಟ್ಟಿದ್ದಾರೆ, ಆದರೆ ಕೊಟ್ಟಿಲ್ಲ. ಇವಳು ಓದಿದ್ದು ಕೆಮಿಸ್ಟ್ರಿ, ಬಾಟನಿ. ಅವರಿಗೆ ಬೇಕಾದದ್ದು ಇನ್ನೂ ಮೂರು ಪೇಪರು: ಶರೀರದ್ದೊಂದು, ಆಹಾರದ ರಸಾಯನದ್ದೊಂದು, ಜನರ ಊಟದ ಸರ್ವೇ ಒಂದು. ಅದಕ್ಕೆ ಪ್ರಿ-ರಿಕ್ವಿಜಿಟ್ ಅನ್ನುತ್ತಾರೆ. ನಾನು ರೇಲ್ವೆ ಪಾರ್ಸಲ್ ಆಫೀಸಿನಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು, ಬೇಗ ತಿಳಿಯಿತು. ತೂಕದ ಚೀಟಿ ಇಲ್ಲದೆ ಗಂಟು ವ್ಯಾಗನ್ನಿಗೆ ಏರುವುದಿಲ್ಲ. ರೇಣವ್ವ ಗಂಟು, ಬೆಂಗಳೂರು ವ್ಯಾಗನ್ನು. ಅವರ ಪರವಾಗಿ ನಮ್ಮೂರಿನ ಜಲನಗರದಲ್ಲಿರುವ ಗೌರಾಬಾಯಿ ಮೇಡಂ ಪಾಠ ಹೇಳಿ, ಪರೀಕ್ಷೆ ಮಾಡಿ, ಜೂನ್ ಮುಗಿಯುವುದರೊಳಗೆ ಸಹಿ ಹಾಕಬೇಕು. ಸಹಿ ಆಗದಿದ್ದರೆ ಸೀಟು ಬೇರೆಯವರ ಪಾಲು.

ಸಹಿ ಆಗದಿದ್ದರೆ ಎಂಬುದಕ್ಕೆ ನಾನು ವ್ಯವಸ್ಥೆ ಮಾಡಿಟ್ಟಿದ್ದೇನೆ. ಲಕ್ಕವ್ವನ ಅಣ್ಣ, ಬಬಲೇಶ್ವರದ ಬಸಗೊಂಡಪ್ಪ, ತನ್ನ ಮಗ ಅಮೋಘಿಗೆ ರೇಣವ್ವನನ್ನು ಕೇಳುತ್ತಲೇ ಇದ್ದಾನೆ. ಸೋದರಮಾವನ ಹಕ್ಕು. ಎಂಟು ಎಮ್ಮೆ, ಎರಡು ಬಾವಿ, ಹುಡುಗನಿಗೆ ಹಲ್ಲು ಸ್ವಲ್ಪ ಮುಂದೆ, ಆದರೆ ಹೊಲವೂ ರಸ್ತೆಗೆ ಮುಂದೆಯೇ ಇದೆ. ಇಂಥ ಸಂಬಂಧ ದೀಪ ಹಚ್ಚಿ ಹುಡುಕಿದರೂ ಸಿಗುವುದಿಲ್ಲ. ಜೂನ್ ಕೊನೆಗೆ ಸಹಿ ಆಗದಿದ್ದರೆ ದೀಪಾವಳಿಯೊಳಗೆ ಲಗ್ನ ಎಂದು ಮಾತು ಕೊಟ್ಟೆ. ರೇಣವ್ವನೂ "ಆತಪ್ಪಾ, ಹಂಗಽ ಆಗ್ಲಿ" ಅಂದಳು. ಅವಳ ಧೈರ್ಯ ಅವಳಿಗೆ, ನನ್ನ ನಂಬಿಕೆ ನನಗೆ. ಇಂಗ್ಲಿಷಿನಲ್ಲಿ ಇದಕ್ಕೊಂದು ಮಾತಿದೆ: ವೇರ್ ದೇರ್ ಈಜ್ ಎ ವಿಲ್, ದೇರ್ ಈಜ್ ಎ... ಮುಂದೇನೋ ಇದೆ. ಜಂಕ್ಷನ್ ಅಂತೂ ಅಲ್ಲ.

ಮೇ ೭, ಮಂಗಳವಾರ

ನನ್ನ ಹೊಟ್ಟೆ ನನ್ನದಾಗಿ ಉಳಿದಿಲ್ಲ. ಮುಂಜಾನೆ ಮಲಗಿದವನ ಹೊಟ್ಟೆಯ ಮೇಲೆ ರೇಣವ್ವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಇದು ಜಠರ, ಇದು ಯಕೃತ್ತು, ಇದು ಸಣ್ಣ ಕರುಳು. ಸಣ್ಣ ಕರುಳಿಗೆ ಜಾಗ ಸಾಲದೆ ಪಕ್ಕೆಯವರೆಗೆ ಹೋಯಿತು. "ಅಲುಗಬ್ಯಾಡಪ್ಪಾ, ಮೇದೋಜೀರಕ ಅಳಸಾಕತ್ತೈತಿ," ಅಂದಳು. ಹಾಲು ಹಾಕಲು ಬಂದ ಗುರಣ್ಣ ಬಾಗಿಲಲ್ಲಿ ನಿಂತು ನೋಡಿ, "ಬಾಬೂರ, ಮಾಟಾ ತೆಗಸಾಕತ್ತೀರೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಹಾಲು ಹಾಕುವುದನ್ನೂ ಮರೆತ.

ಮಧ್ಯಾಹ್ನ ಅಡುಗೆಮನೆಯಲ್ಲಿ ರಸಾಯನ. ರೊಟ್ಟಿಯ ಮೇಲೆ ಅಯೋಡಿನ್ ಹನಿ ಬಿಟ್ಟಳು, ರೊಟ್ಟಿ ನೀಲಿಯಾಯಿತು. ಪಿಷ್ಟ ಇದ್ದಲ್ಲೆಲ್ಲ ನೀಲಿಯಾಗುತ್ತದಂತೆ. ಇದು ನನ್ನ ಮನಸ್ಸಿಗೆ ಹಿಡಿಸಿತು. ಅವಳು ನೀರು ತರಲು ಹೋದಾಗ ಬಾಟಲಿ ತೆಗೆದುಕೊಂಡು ನಾನೂ ನೋಡಿದೆ. ಅನ್ನ ನೀಲಿ, ಬಟಾಟೆ ನೀಲಿ. ಬೆಲ್ಲ ಬಣ್ಣ ಬದಲಿಸಲಿಲ್ಲ. ನನ್ನ ಟೊಪ್ಪಿಗೆಯ ಮೇಲೂ ಒಂದು ಹನಿ ಬಿಟ್ಟೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಟೊಪ್ಪಿಗೆ, ಕಡುನೀಲಿ! ವಿಜ್ಞಾನ ಸುಳ್ಳಲ್ಲ. ಅದೇ ಟೊಪ್ಪಿಗೆ ಹಾಕಿಕೊಂಡು ಸ್ಟೇಷನ್ ರಸ್ತೆಗೆ ಹೋಗಿಬಂದೆ ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ದಾರಿ ಮಾತ್ರ ಬಿಟ್ಟರು.

ಮೇ ೨೫, ಶನಿವಾರ

ಎರಡು ಪೇಪರು ಪಾಸು. ಮೇಡಂ ಕೊಟ್ಟ ಪೇಢೆಯಲ್ಲಿ ಸಕ್ಕರೆ ಜಾಸ್ತಿ. ಬಸಗೊಂಡಪ್ಪನಿಗೆ ಹೇಳಿಕಳಿಸಬೇಕಿತ್ತು, ಮರೆತೆ.

ಜೂನ್ ೨, ರವಿವಾರ

ಮೂರನೆಯ ಪೇಪರು ಸುರುವಾಯಿತು. ತಿಕೋಟಾದಲ್ಲಿ ಐದು ಮನೆ, ಬಬಲೇಶ್ವರದಲ್ಲಿ ಐದು ಮನೆ. ಪ್ರತಿ ಮನೆಯಲ್ಲಿ ಒಂದು ದಿನ ಕೂತು, ಅಡುಗೆಗೆ ತೆಗೆದ ಹಿಟ್ಟು, ಬೇಳೆ, ಎಣ್ಣೆ ಎಲ್ಲ ತೂಗಿ, ಯಾರ ತಾಟಿಗೆ ಎಷ್ಟು ಬಿತ್ತು ಎಂದು ಬರೆದು, ತಲೆಗೆ ಎಷ್ಟು ಕ್ಯಾಲೊರಿ ಎಂದು ಲೆಕ್ಕ ತೆಗೆಯಬೇಕು. ಕ್ಯಾಲೊರಿ ಅಂದರೆ ಊಟದ ಶಕ್ತಿ. ಕಣ್ಣಿಗೆ ಕಾಣುವುದಿಲ್ಲ, ಆದರೆ ಲೆಕ್ಕಕ್ಕೆ ಸಿಗುತ್ತದೆ. ಹರೆಯದ ಹುಡುಗಿಯನ್ನು ಊರೂರು ಒಬ್ಬಳನ್ನೇ ಕಳಿಸಲಾಗದು, ಕೆಂಪು ಬಸ್ಸಿನಲ್ಲಿ ನಾನೂ ಹೊರಟೆ. ಅವಳ ಚೀಲದಲ್ಲಿ ತಕ್ಕಡಿ, ನನ್ನ ಕೈಯಲ್ಲಿ ಪ್ರಶ್ನೆಗಳ ಹಾಳೆ. ಪ್ರಶ್ನೆ ಕೇಳುವ ಕೆಲಸ ನಾನೇ ವಹಿಸಿಕೊಂಡೆ. ಇಂಟರ್‌ವರೆಗೆ ಓದಿದವನ ಗತ್ತು ಬೇರೆ.

ತಿಕೋಟಾದಲ್ಲಿ ಮಶಾಕಸಾಬ ಇದ್ದಾನೆ. ಮೊದಲು ನನ್ನ ಆಫೀಸಿನಲ್ಲೇ ಪಾರ್ಸಲ್ ಹೊರುತ್ತಿದ್ದವನು, ಈಗ ದ್ರಾಕ್ಷಿ ಬಳ್ಳಿ ಹಚ್ಚಿದ್ದಾನೆ. ಅವನೇ ಪಕ್ಕದ ಶಿವಯೋಗೆಪ್ಪನ ಮನೆಗೆ ಕರೆದುಕೊಂಡು ಹೋದ. ನಾನು ಕುಳಿತವನೇ, "ಮನ್ಯಾಗ ಜ್ವಾಳ ಎಷ್ಟು ಐತ್ರಿ?" ಎಂದು ಕೇಳಿದೆ.

ಶಿವಯೋಗೆಪ್ಪನ ಮುಖ ಬಾಡಿತು. "ಜ್ವಾಳ ಎಲ್ಲಿಂದ ಬರಬೇಕ್ರಿ ಸಾಹೇಬ್ರ? ಇಲಿ ಸುದ್ದಾ ಉಪಾಸ ಅದಾವು."

ಸರಕಾರದ ಲೆವ್ಹಿ ಕಾಳು ವಸೂಲಿಗೆ ಬಂದವರೆಂದು ತಿಳಿದಿದ್ದ, ಪಾಪ. ನಾನು ನಕ್ಕು, "ಸರಕಾರದವರಲ್ರಿ ನಾವು. ಇಕಿ ನನ್ನ ಮಗಳು. ಬಿ.ಎಸ್ಸಿ. ಆಗೇತಿ," ಅಂದೆ.

ಶಿವಯೋಗೆಪ್ಪ ರೇಣವ್ವನನ್ನು ನೋಡಿದ. ಆಮೇಲೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ ತನ್ನ ಮಗನನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. "ಏ, ಜಮಖಾನಿ ಹಾಸ್ರಿ! ಚಹಾ ಇಡ್ರಿ! ಲೇ, ನೀ ಅಂಗಿ ಹಾಕ್ಕೊಂಡ್ ಬಾ!"

ವಿದ್ಯೆಗೆ ಹಳ್ಳಿಯ ಕಡೆ ಎಂಥ ಗೌರವ! ಒಂದೊಂದಾಗಿ ಕೇಳಿದೆ. ಮನೆಯಲ್ಲಿ ಜನ ಎಷ್ಟು, ಎಮ್ಮೆ ಎಷ್ಟು, ಹಾಲು ಎಷ್ಟು, ಅಡುಗೆ ಮಾಡುವವರು ಯಾರು, ಹಬ್ಬಕ್ಕೆ ಏನು, ದಿನಕ್ಕೆ ಏನು. ಎಲ್ಲಕ್ಕೂ ಸಲೀಸಾಗಿ ಉತ್ತರ. ಇಲಿ ಉಪವಾಸವಿದ್ದ ಮನೆಯಲ್ಲಿ ಮಧ್ಯಾಹ್ನ ಹೋಳಿಗೆ, ಅಂಗೈ ತುಂಬ ತುಪ್ಪ, ಎಣ್ಣೆಗಾಯಿ, ಮಾವಿನಹಣ್ಣಿನ ಶೀಕರಣಿ. "ದಿನಾ ಹಿಂಗಽರಿ ನಮ್ಮನ್ಯಾಗ," ಅಂದ. ರೇಣವ್ವ ತೂಗಿ ತೂಗಿ ದಣಿದಳು. ನಾನು ಉಂಡು ದಣಿದೆ.

ಜೂನ್ ೭, ಶುಕ್ರವಾರ

ತಿಕೋಟಾದ ಐದೂ ಮನೆ ಆದವು. ಐದೂ ಕಡೆ ಹೋಳಿಗೆ. ನನ್ನ ಧೋತರದ ಗಂಟು ಹೊಟ್ಟೆಯ ಕೆಳಗೆ ಇಳಿದಿದೆ. ಈ ಊರಿನಲ್ಲಿ ಪ್ರತಿ ಮನೆಗೂ ಒಬ್ಬ ಹರೆಯದ ಹುಡುಗ, ಪ್ರತಿಯೊಬ್ಬನೂ ಎಣ್ಣೆ ಹಚ್ಚಿ ಕ್ರಾಪು ತೆಗೆದವನು. ಶಿಸ್ತು ಅಂದರೆ ಇದು. ಇನ್ನೊಂದು ನೋಡಿದೆ: ಎಡಗಿವಿ ಹರಿದ ಎಮ್ಮೆ ತಿಕೋಟಾದಲ್ಲಿ ಮನೆಮನೆಗೂ ಇದೆ. ಈ ಭಾಗದ ತಳಿಯಿರಬೇಕು. ರೇಣವ್ವನಿಗೆ ಬರೆದುಕೊಳ್ಳಲು ಹೇಳಿದೆ, ಅವಳು ನನ್ನನ್ನೇ ನೋಡುತ್ತ ಕುಳಿತಳು.

ಜೂನ್ ೯, ರವಿವಾರ

ಹೋಯಿತು. ಎಲ್ಲ ಹೋಯಿತು.

ಜಲನಗರದಲ್ಲಿ ಮೇಡಂ ರೇಣವ್ವನ ಲೆಕ್ಕ ಓದಿದರು, ಕನ್ನಡಕ ಒರೆಸಿದರು, ಮತ್ತೆ ಓದಿದರು. ಗಟ್ಟಿ ಕೆಲಸದವನಿಗೂ ದಿನಕ್ಕೆ ಮೂರು ಸಾವಿರ ಕ್ಯಾಲೊರಿ ಆದರೆ ಬಹಳ ಆಯಿತಂತೆ. ತಿಕೋಟಾದಲ್ಲಿ ಮುದುಕಿಯರಿಗೂ ಐದು ಸಾವಿರದ ಮೇಲೆ ಬಂದಿತ್ತು.

"ಶಂಕ್ರೆಪ್ಪನವರ, ಇವರು ಮನುಷ್ಯಾರೋ, ಗಾಣದ ಎತ್ತೋ?"

"ಉಣ್ಣೂ ಮಂದಿ ಅದಾರ್ರಿ ಮೇಡಂ. ನಾ ಕಣ್ಣಾರೆ ಕಂಡೇನಿ."

"ನೀವು ಅಲ್ಲಿ ಹೋಗಿ ಏನೇನ್ ಕೇಳಿದ್ರಿ?"

ಓದಿ ತೋರಿಸಿದೆ. ಜೋಳ ಎಷ್ಟು, ಎಮ್ಮೆ ಎಷ್ಟು, ಅಡುಗೆ ಯಾರು ಮಾಡುತ್ತಾರೆ, ಒಟ್ಟು ಜನ ಎಷ್ಟು. ಮೇಡಂ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಅಯ್ಯ ನನ್ನ ಶಿವನಽ! ಹರೇದ ಮಗಳನ್ನ ಮುಂದ ಕುಂದರಿಸ್ಕೊಂಡು ಇದನ್ನೆಲ್ಲಾ ಕೇಳಿದ್ರ, ಮನೆತನಾ ನೋಡಾಕ ಬಂದಾರ ಅಂತ ತಿಳಿಯೂದಿಲ್ಲೇನ್ರಿ? ಗಂಡಿನ ಮನ್ಯಾಗ ಹೆಣ್ಣಿನ ಅಪ್ಪ ಕೇಳೂ ಮಾತಽ ಇವು!"

ಕಿವಿ ಹರಿದ ಎಮ್ಮೆ ಐದಲ್ಲ, ಒಂದೇ. ನಮಗಿಂತ ಮುಂಚೆ ಹಿಂದಿನ ಬಾಗಿಲಿನಿಂದ ಅದು ಮುಂದಿನ ಮನೆಗೆ ಹೋಗುತ್ತಿತ್ತು.

ನಕ್ಕು ಮುಗಿದ ಮೇಲೆ ಮೇಡಂ ಗಟ್ಟಿಯಾದರು. ಈ ಲೆಕ್ಕಕ್ಕೆ ಸಹಿ ಇಲ್ಲ. ಹತ್ತೂ ಮನೆ ಹೊಸದಾಗಿ ಆಗಬೇಕು, ಖರೆ ಊಟ ಖರೆ ತೂಕ. ಜೂನ್ ೨೯ ಕೊನೆಯ ದಿನ, ಆಮೇಲೆ ತಮ್ಮಿಂದ ಏನೂ ಆಗದು ಅಂದರು. ಮನೆಗೆ ಬರುವಾಗ ದಾರಿಯಲ್ಲೇ ಪ್ರಶ್ನೆಗಳ ಹಾಳೆಯನ್ನು ಅವಳ ಕೈಗೆ ಕೊಟ್ಟೆ.

ಜೂನ್ ೧೨, ಬುಧವಾರ

ಬಸಗೊಂಡಪ್ಪ ಸಂತೆಗೆಂದು ಬಂದವನು ಮನೆಗೆ ಬಂದ. ಸಹಿ ಆಗದ ಸುದ್ದಿ ಮುಟ್ಟಿದೆ. "ಬೀಗರ, ಇನ್ನ ಆ ತಕ್ಕಡಿ ಪಕ್ಕಡಿ ಬಿಡಸ್ರಿ. ಶ್ರಾವಣದಾಗ ನಿಶ್ಚೇ ಮಾಡೂಣು," ಎಂದು ನನ್ನ ಬೆನ್ನ ಮೇಲೆ ಬಾರಿಸಿದ. ಇಂಥ ಸಂಬಂಧ ಕೂಡಿಬಂತು, ಖುಷಿಯಾಗಬೇಕು. ಹೊಟ್ಟೆಯಲ್ಲಿ ಏನೋ ಹಿಡಿದಂತಾಗಿದೆ. ಹೋಳಿಗೆಯ ಗ್ಯಾಸು ಇರಬೇಕು. ಅಜವಾನ ನುಂಗಿದೆ, ಹೋಗಲಿಲ್ಲ.

ಜೂನ್ ೧೬, ರವಿವಾರ

ಇವತ್ತಿನಷ್ಟು ಅಪಮಾನ ನನಗೆ ಇಂಟರ್ ಫೇಲಾದ ದಿನವೂ ಆಗಿರಲಿಲ್ಲ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ.

ತಿಕೋಟಾದಲ್ಲಿ ಬಸ್ಸಿಳಿದವನೇ ಎಲ್ಲರಿಗೂ ಕೇಳುವಂತೆ ಸಾರಿದೆ: "ನನ್ನ ಮಗಳಿಗೆ ವರಾ ಹುಡುಕಾಕ ಬಂದಿಲ್ಲ. ಆಕಿ ಲಗ್ನದ ಮಾತಽ ಇಲ್ಲ." ಚಹಾದಂಗಡಿಯ ಮುಂದೆ ಎರಡು ಸಲ, ಮಶಾಕಸಾಬನ ಓಣಿಯಲ್ಲಿ ಒಂದು ಸಲ. ಇನ್ನು ಸರಿಹೋಯಿತು ಎಂದುಕೊಂಡೆ. ಈ ಸಲ ಪ್ರಶ್ನೆ ಕೇಳುವುದೂ ಇಲ್ಲ, ಹಾಳೆ ರೇಣವ್ವನ ಹತ್ತಿರ. ಅವಳು ಮಶಾಕಸಾಬನ ಹೆಂಡತಿ ಚಾಂದಬಿಯ ಜೊತೆ ಶಿವಯೋಗೆಪ್ಪನ ಮನೆಯ ಒಳಗೆ ಹೋದಳು. ನಾನು ಕಟ್ಟೆಯ ಮೇಲೆ ಕುಳಿತೆ.

ಶಿವಯೋಗೆಪ್ಪ ಬಂದು ಪಕ್ಕದಲ್ಲಿ ಕುಳಿತ. ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಗಳಿಗೆ ಅಲ್ಲ ಅಂದ್ರಿ."

"ಅಲ್ಲ."

"ಮತ್ತ ಮನೀ ಮನೀ ತಿರಗೂದು ಬಿಟ್ಟಿಲ್ಲ."

"ಬಿಟ್ಟಿಲ್ಲ."

"ಹಂಗಾದ್ರ ನಿಮಗಽ ಅನ್ರಿ!"

ನನಗೆ ಅರ್ಥವಾಗುವುದರೊಳಗೆ ಓಣಿಗೆಲ್ಲ ಅರ್ಥವಾಗಿತ್ತು. ಹೆಂಡತಿ ಸತ್ತವನು, ಪಿಂಚಣಿ ಇರುವವನು, ಅಡುಗೆಮನೆ ನೋಡುತ್ತ ತಿರುಗುವವನು, ಮತ್ತೇನು? ಅರ್ಧ ಗಳಿಗೆಯಲ್ಲಿ ಕಟ್ಟೆಯ ಮೇಲೆ ಗಂಡಸರ ಸಂತೆ. ಹೊಲಕ್ಕೆ ಹೊರಟವರೂ ಕುಡುಗೋಲು ಕೆಳಗಿಟ್ಟು ಕುಳಿತರು.

"ಹಲ್ಲು ಎಲ್ಲಾ ನಿಮ್ಮೂವಽ ಏನ್ರಿ ಬಾಬೂರ?"

"ಪಿಂಚಣಿ ಹೆಣ್ತಿಗೂ ಬರತೈತೇನ್ರಿ, ನೀವು ಹೋದಮ್ಯಾಲ?"

"ಲೇ, ಹೋಗೂ ಮಾತ್ಯಾಕೋ? ಮದಿಮಗಾ ಇನ್ನಾ ಕುಂತಾನ!"

ಮಶಾಕಸಾಬ ನನ್ನ ಪರವಾಗಿ ಮಾತಾಡುತ್ತಾನೆಂದು ನೋಡಿದರೆ ಅವನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದ. ನಾನು ಕಿರುಚಿದೆ, ಬೈದೆ, ಇಂಗ್ಲಿಷಿನಲ್ಲೂ ಎರಡು ಮಾತು ಅಂದೆ. ಎರಡನೆಯದು ಮರೆತುಹೋಗಿದ್ದರಿಂದ ಮೊದಲನೆಯದನ್ನೇ ಎರಡು ಸಲ ಅಂದೆ. ಬೈದಷ್ಟೂ ಅವರಿಗೆ ಖಾತ್ರಿಯಾಯಿತು. "ಮದಿಮಗಾ ನಾಚತಾನ," ಅಂದರು.

ಜೂನ್ ೧೭, ಸೋಮವಾರ

ನಿನ್ನೆಯದು ಮುಗಿದಿಲ್ಲ. ಬಸ್ಸಿನಲ್ಲಿ ನಾನು ಇನ್ನು ತಿಕೋಟಾಕ್ಕೆ ಕಾಲಿಡುವುದಿಲ್ಲ ಎಂದು ಪ್ರತಿಜ್ಞೆ ಮಾಡುತ್ತಿದ್ದರೆ ರೇಣವ್ವ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಮನೆಗೆ ಬಂದು ಲೆಕ್ಕ ಹಾಕಿ, ಇವತ್ತು ಮುಂಜಾನೆ ಹಾಳೆ ನನ್ನ ಮುಂದಿಟ್ಟಳು. ಶಿವಯೋಗೆಪ್ಪನಿಗೆ ಎರಡು ಸಾವಿರದ ಎಂಟುನೂರು. ಮಗನಿಗೆ ಅಷ್ಟೇ ಸುಮಾರು. ಹೋಳಿಗೆ ಇಲ್ಲ, ಶೀಕರಣಿ ಇಲ್ಲ. ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮಜ್ಜಿಗೆ.

"ಇದು ಖರೇ ಊಟ ಅಪ್ಪಾ. ಹೆಣಮಕ್ಕಳು ತಾವಾಗೇ ಹೇಳಿದ್ರು. ತೂಗಾಕ ಕೊಟ್ರು."

"ಮತ್ತ ಅವತ್ಯಾಕ ಹೇಳಲಿಲ್ಲ?"

"ಅವತ್ತ ಗಂಡಸ್ರು ಅಡಗಿಮನೀ ಬಾಗಿಲಾ ಬಿಟ್ಟ ಸರೀಲಿಲ್ಲ. ತುಪ್ಪಾ ಹಾಕ, ಅದನ್ನ ಹೇಳ, ಇದನ್ನ ತೋರ್ಸ ಅನ್ನಾಕತ್ತಿದ್ರು. ನಿನ್ನಿ ಒಬ್ರೂ ಒಳಗ ಬರಲಿಲ್ಲ."

"ಯಾಕ?"

ಕೇಳಿದ ಮೇಲೆ ನನಗೇ ಹೊಳೆಯಿತು. ಊರಿನ ಗಂಡಸರೆಲ್ಲ ಕಟ್ಟೆಯ ಮೇಲೆ ನನ್ನ ಹಲ್ಲು ಎಣಿಸುತ್ತಿದ್ದರು.

ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತೆ. ನನ್ನ ಮಾನ, ನನ್ನ ವಯಸ್ಸು, ಲಕ್ಕವ್ವನ ಹೆಸರು. ಇನ್ನೂ ಒಂಬತ್ತು ಮನೆ ಬಾಕಿ. ಒಳಗೆ ಬಂದು, "ನಾಳೆ ಮೊದಲನೇ ಬಸ್ಸಿಗೆ ಹೋಗೂಣು. ಇಸ್ತ್ರೀ ಅಂಗಿ ತೆಗದಿಡು," ಅಂದೆ.

"ಯಪ್ಪಾ, ಬ್ಯಾಡ. ಮಂದಿ ನಗತಾರ."

"ನಗಲಿ. ನಕ್ಕಷ್ಟು ಹೊತ್ತು ಹೊರಗ ಇರತಾರ."

ಇಂಥ ತಂತ್ರಕ್ಕೆ ಇಂಗ್ಲಿಷಿನಲ್ಲಿ ಒಂದು ಪದವಿದೆ, ಯುದ್ಧದ್ದು. ನೆನಪಾದರೆ ಬರೆಯುತ್ತೇನೆ.

ಜೂನ್ ೨೧, ಶುಕ್ರವಾರ

ತಿಕೋಟಾ ಮುಗಿಯಿತು. ಪಂಚೆಯ ಬದಲು ಕಚ್ಚೆ ಧೋತರ ಉಟ್ಟರೆ ಜನ ಹೆಚ್ಚು ಹೊತ್ತು ಕೂರುತ್ತಾರೆ. ಮೀಸೆಗೆ ಸ್ವಲ್ಪ ಕಪ್ಪು ಹಚ್ಚಿದೆ. ಬೆವರಿಗೆ ಇಳಿದು ಗದ್ದಕ್ಕೆ ಬಂತು, ಅದರಿಂದ ಇನ್ನೂ ಒಂದು ತಾಸು ಸಿಕ್ಕಿತು. ನಮಗೆ ಕಬ್ಬಿಣಾಂಶದ ಲೆಕ್ಕ ಮಾತ್ರ ಇನ್ನೂ ಕೂಡಿಬರುತ್ತಿಲ್ಲ. ಪುಂಡಿಪಲ್ಯ ತೂಗಿದ್ದು ಹಸಿಯೋ ಬೆಂದದ್ದೋ ಎಂದು ನಾನೂ ರೇಣವ್ವನೂ ಊಟದ ಹೊತ್ತಿನ ತನಕ ಜಗಳಾಡಿದೆವು. ಹಸಿಯದೇ. ನಾನು ಹೇಳಿದ್ದೇ ಸರಿ.

ಜೂನ್ ೨೫, ಮಂಗಳವಾರ

ಬಬಲೇಶ್ವರ, ನಾಲ್ಕು ಮನೆ ಆದವು. ನನ್ನ ಕೀರ್ತಿ ನನಗಿಂತ ಮೊದಲೇ ಬಸ್ಸು ಹತ್ತಿ ಬಂದಿತ್ತು. ನಿನ್ನೆ ಒಬ್ಬ ಮುದುಕ ತನ್ನ ವಿಧವೆ ತಂಗಿಯ ಬಗ್ಗೆ ಖರೆ ಮಾತು ತೆಗೆದ. ಹೆಣ್ಣು ಎಂಥದ್ದಿರಬೇಕು ಎಂದು ಕೇಳಿದ. "ದಿನಕ್ಕ ಎರಡು ಸಾವಿರದ ಎರಡುನೂರು ಕ್ಯಾಲೊರಿ ಉಣ್ಣುವಂಥಾಕಿ ಬೇಕ್ರಿ," ಅಂದೆ. ಅವನು ಬಹಳ ಹೊತ್ತು ಯೋಚಿಸಿ, ಅಷ್ಟು ಸಾಕುವ ಶಕ್ತಿ ನಿಮಗಿದೆಯೇ ಎಂದು ಕೇಳಿದ. ಒಳ್ಳೆಯ ಪ್ರಶ್ನೆ.

ಐದನೆಯ ಮನೆಯವರಿಗೆ ಸೂತಕ ಬಂದಿದೆ. ಬೇರೆ ಮನೆ ಇಷ್ಟು ಅವಸರದಲ್ಲಿ ಸಿಗುತ್ತಿಲ್ಲ. ಉಳಿದದ್ದು ಬಸಗೊಂಡಪ್ಪನ ಮನೆ ಒಂದೇ.

ಜೂನ್ ೨೭, ಗುರುವಾರ

ಇವತ್ತು ಬರೆಯುವುದಿಲ್ಲ.

ಜೂನ್ ೨೯, ಶನಿವಾರ

ರೇಣವ್ವ ಮಧ್ಯಾಹ್ನವೇ ಜಲನಗರಕ್ಕೆ ಹೋಗಿದ್ದಾಳೆ. ನಾನೂ ಬರುತ್ತೇನೆಂದರೆ, "ಬ್ಯಾಡಪ್ಪಾ, ನೀ ಇದ್ರ ಮೇಡಂ ಓದೂದ ಬಿಟ್ಟು ನಗತಾರ," ಅಂದಳು. ಮೇಡಂ ಒಂದೊಂದು ಅಂಕಿಯನ್ನೂ ತಾವೇ ಕೂಡಿ ನೋಡಿ ಸಹಿ ಹಾಕುವವರು. ಹಾಕದೆಯೂ ಇರಬಹುದು. ಮನೆಯೊಳಗೆ ಕೂರಲಾಗದೆ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಸುಮ್ಮನೆ ಕೂರುವುದಕ್ಕಿಂತ ಗುರುವಾರದ್ದನ್ನು ಬರೆದು ಮುಗಿಸುವುದು ಒಳ್ಳೆಯದು.

ಗುರುವಾರ ಬಸಗೊಂಡಪ್ಪನ ಮನೆ. ತಕ್ಕಡಿ ನೋಡಿ ಅವನು ಮೊದಲೇ ಕೆಂಡವಾಗಿದ್ದ. "ತೂಗಿ ಉಣ್ಣೂ ಮನೆತನ ಅಲ್ಲ ನಮ್ದು," ಅಂದ. ಆದರೂ ಸೊಸೆಯಾಗುವವಳು ಎಂದು ಒಳಗೆ ಬಿಟ್ಟ. ಅವನ ಹೆಂಡತಿ, ರೇಣವ್ವನ ಅತ್ತಿ, ಒಳ್ಳೆಯ ಹೆಂಗಸು. ಗಂಡನ ಮುಂದೆ ಬಾಯಿ ತೆರೆಯುವವಳಲ್ಲ. ಗಂಡಸರ ಊಟ ಆಯಿತು. ಇನ್ನು ಹೆಂಗಸರದ್ದು. ಅಷ್ಟರಲ್ಲಿ ಬಸಗೊಂಡಪ್ಪ ಪಡಸಾಲೆಯಿಂದ ಎದ್ದ. "ಒಳಗ ಏನ್ ಮಾಡಾಕತ್ತಾರ ನೋಡಿ ಬರ್ತೇನಿ," ಅಂದ. ನಾನು ಅವನ ಧೋತರದ ಚುಂಗು ಹಿಡಿದೆ.

ಹಿಡಿದದ್ದೇ ತಪ್ಪಾಯಿತು. ತಿರುಗಿ ನಿಂತು ನನ್ನ ಮೀಸೆಯ ಕಪ್ಪು ನೋಡಿದ.

"ಊರ ಮಂದಿ ಒಂದು ಮಾತು ಹೇಳಾಕತ್ತಾರ. ನಾ ನಂಬಿಲ್ಲ. ನೀವಽ ಹೇಳ್ರಿ ಬೀಗರ, ಸುಳ್ಳು ಅಂತ."

ಸುಳ್ಳು ಎಂದು ಹೇಳಲು ಬಾಯಿ ತೆರೆದಿದ್ದೆ. ನಿಜವಾಗಿಯೂ ತೆರೆದಿದ್ದೆ. ಹೇಳಿದ್ದರೆ ಅವನು ನಕ್ಕು, ನನ್ನ ಬೆನ್ನಿಗೆ ಒಂದು ಬಾರಿಸಿ, ನೇರ ಅಡುಗೆಮನೆಗೆ ಹೋಗುತ್ತಿದ್ದ. "ತುಪ್ಪಾ ಹಾಕ್ರಿ ಸೊಸಿ ಮುಂದ" ಅನ್ನುತ್ತಿದ್ದ. ಒಳಗಿನಿಂದ ತಕ್ಕಡಿಯ ತಟ್ಟೆ ಕಲ್ಲಿಗೆ ತಾಗಿದ ಸಪ್ಪಳ ಬಂತು. ಅತ್ತಿಯ ತಾಟು ತೂಗುತ್ತಿದ್ದಳು. ಹತ್ತನೆಯ ಮನೆಯ ಕೊನೆಯ ತಾಟು.

"ಖರೇ," ಅಂದೆ.

"ಏನು?"

"ಖರೇ ಐತಿ. ಮಾಡ್ಕೋಬೇಕಂತೇನಿ."

ಅಬ್ಬಾ, ಆ ಮನುಷ್ಯನ ಧ್ವನಿ! ಎಮ್ಮೆಗಳು ಗೂಟ ಕಿತ್ತುಕೊಂಡವು. "ನನ್ನ ತಂಗಿ ಮಣ್ಣಾಗಿ ಮೂರು ವರ್ಸ ಆಗಿಲ್ಲ! ಈ ವಯಸ್ನ್ಯಾಗ ಮೀಸಿಗೆ ಬಣ್ಣಾ ಬಡ್ಕೊಂಡು ತಿರಗ್ತಿ? ಯಾರ್ನ ತರಾಂವ ಆಕಿ ಜಾಗಾಕ್ಕ?"

"ನೋಡೂಣಲ್ಲ," ಅಂದೆ. "ಗಡಬಡಿ ಏನಿಲ್ಲ."

"ಮಲತಾಯಿ ಇರೂ ಮನೀ ಹುಡುಗಿ ನನ್ನ ಮಗಗ ಬ್ಯಾಡ. ಕೇಳಿಸ್ತಿಲ್ಲೋ ಶಂಕ್ರೆಪ್ಪ? ಇವತ್ತಿಗೆ ಮುರೀತು!"

ನನಗೆ ಕೇಳಿಸಿತು. ಅತ್ತ ಗೋದಲಿಯ ಹತ್ತಿರ ನಿಂತಿದ್ದ ಅಮೋಘಿಗೂ ಕೇಳಿಸಿತು. ಅವನೇನೂ ಕಂಗಾಲಾದಂತೆ ಕಾಣಲಿಲ್ಲ, ಓಡಿಹೋದ ಎಮ್ಮೆಯನ್ನು ಹಿಡಿಯಲು ಹೋದ. ನಾನು ಹೇಗೋ ಮಾಡಿ ಬಸಗೊಂಡಪ್ಪನನ್ನು ಮಾತಿಗೆಳೆದೆ. ಆಸ್ತಿ ಯಾರಿಗೆ ಹೋಗುತ್ತದೆ, ಹೆಣ್ಣಿನ ಕಡೆಯವರು ಎಷ್ಟು ಬಂಗಾರ ಹಾಕುತ್ತಾರೆ ಎಂದೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಅವನು ಬೈಯುತ್ತಲೇ ಇದ್ದ. ಲಕ್ಕವ್ವನ ಹೆಸರು ತೆಗೆದಾಗ ಮಾತ್ರ ನಾನು ನೆಲ ನೋಡಿದೆ. ಅವನ ಸಿಟ್ಟು ಸುಳ್ಳಲ್ಲವಲ್ಲ. ಲಕ್ಕವ್ವ ಇದ್ದಿದ್ದರೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳೋ ಏನೋ. ಈ ಜೋಕಿಗೆ ನಕ್ಕೇ ನಗುತ್ತಿದ್ದಳು.

ರೇಣವ್ವ ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಮುಗಿಯಿತು ಎಂದು ಕಣ್ಣಿನಲ್ಲೇ ಹೇಳಿದಳು. ಮಾವನಿಗೆ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಅವನು ಗೋಡೆ ನೋಡಿದ. ನಾವು ಬಸ್ಸಿಗೆ ಬಂದೆವು.

ಬಸ್ಸಿನಲ್ಲಿ ಕೇಳಿದಳು, "ಹೊರಗ ಏನ್ ಗದ್ದಲಪ್ಪಾ ಅದು?"

"ಎಮ್ಮಿ ಬಿಚ್ಚಿತ್ತು."

ನಂಬಿದಳೋ ಇಲ್ಲವೋ. ಚೀಲದಿಂದ ಲೆಕ್ಕದ ಹಾಳೆ ತೆಗೆದು ಅಂದಳು: "ಅತ್ತಿ ಊಟಾ ಎಷ್ಟು ಗೊತ್ತೇನು? ಒಂದ ರೊಟ್ಟಿ, ಬುಟ್ಟಿ ತಳದಾಗಿನ ಮುರುಕು, ಮ್ಯಾಲ ನೀರು ಮಜ್ಜಿಗಿ. ತೂಗೂದಽ ಬ್ಯಾಡಬೇ ನಂದೇನ್ ತೂಗ್ತಿ ಅಂದ್ರು. ಎಲ್ಲಾ ಕೂಡಿದ್ರ ಒಂಬೈನೂರಕ್ಕ ಬರಲಿಲ್ಲ."

ಆ ಮನೆಯಲ್ಲಿ ಎಂಟು ಎಮ್ಮೆ. ಸಂಬಂಧ ಮುರಿದದ್ದಕ್ಕೆ ನನಗೇನೂ ಅನ್ನಿಸಿಲ್ಲ. ನಿಜ ಹೇಳಬೇಕೆಂದರೆ ಆ ಸಂಬಂಧ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹುಡುಗನ ಹಲ್ಲು ನೋಡಿಯೇ ನಾನು ಬೇಡ ಅಂದಿದ್ದೆ. ಬೆಂಗಳೂರಿಗೆ ಕಳಿಸಬೇಕು ಎಂಬುದೂ ಮೊದಲಿನಿಂದ ನನ್ನದೇ ವಿಚಾರ, ರೇಣವ್ವ ಈಗ ತನ್ನದು ಅನ್ನುತ್ತಾಳೆ, ಅನ್ನಲಿ. ಆದರೆ ಮುರಿದ ವಿಷಯ ಅವಳಿಗೆ ನಾನಿನ್ನೂ ಹೇಳಿಲ್ಲ. ಇವತ್ತು ಸಹಿ ಆಗದಿದ್ದರೆ ಈ ಹುಡುಗಿಗೆ ಅತ್ತ ಸೀಟೂ ಇಲ್ಲ, ಇತ್ತ ಮಾವನ ಮನೆಯೂ ಇಲ್ಲ. ಅದನ್ನು ಮಾಡಿಟ್ಟವನು ನಾನು, ಕಪ್ಪು ಮೀಸೆಯವನು. ಅಜವಾನ ಮತ್ತೆ ನುಂಗಿದೆ.

ಹಾಂ, ಮಶಾಕಸಾಬ ಬಂದಿದ್ದ, ಮಧ್ಯಾಹ್ನ. ತಿಕೋಟಾದಲ್ಲಿ ಖರೆಖರೆ ಒಂದು ಹೆಣ್ಣು ಗೊತ್ತಾಗಿದೆ, ಹ್ಞೂಂ ಅನ್ನಲೇ ಎಂದು ಕೇಳಿದ. ಚಪ್ಪಲಿ ತೋರಿಸಿದೆ. ನಗುತ್ತ ಒಂದು ಬುಟ್ಟಿ ದ್ರಾಕ್ಷಿಯ ಎಲೆ ಕೊಟ್ಟು ಹೋದ, ಹಣ್ಣು ಇನ್ನೂ ಬಂದಿಲ್ಲವಂತೆ. ಎಲೆ ಯಾಕೆ ಕೊಟ್ಟನೋ. ಅದರಲ್ಲೂ ಏನಾದರೂ ವಿಟಮಿನ್ ಇದ್ದೀತು, ರೇಣವ್ವ ಬಂದ ಮೇಲೆ ಕೇಳಬೇಕು.

ಎಷ್ಟು ಹೊತ್ತಾಯಿತು ಇವಳಿಗೆ? ಕೂಡುವುದು ಹತ್ತು ಮನೆಯ ಲೆಕ್ಕ ತಾನೆ? ಪುಂಡಿಪಲ್ಯದ ಹತ್ತಿರ ನಿಂತಿರಬೇಕು ಮೇಡಂ. ಅದು ಹಸಿಯದೇ ತೂಕ ಎಂದು ನಾನು ಹೋಗಿ ಹೇಳಿದ್ದರೆ ಆಗುತ್ತಿತ್ತು.

ಬೆಳಕು ಹೋಗುತ್ತಿದೆ. ಬರೆದದ್ದು ಅರ್ಧ ಕಾಣುತ್ತಿದೆ, ಅರ್ಧ ಕಾಣುತ್ತಿಲ್ಲ. ರಸ್ತೆಯ ತಿರುವಿನಲ್ಲಿ ಯಾರೋ ಬರುತ್ತಿದ್ದಾರೆ, ಹೆಗಲಿಗೆ ಚೀಲ. ರೇಣವ್ವನ ಹಾಗೇ ಕಾಣುತ್ತದೆ. ಆದರೆ ರೇಣವ್ವ ಹೀಗೆ ನಡುರಸ್ತೆಯಲ್ಲಿ ಓಡಿಕೊಂಡು ಬರುವವಳಲ್ಲ